ಓಪನ್ ಹೌಸ್ ಲಂಡನ್: ಮೊದಲ ಸಲ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಕೆಲವು ದಿನಗಳ ಮಟ್ಟಿಗೆ ಲಂಡನ್ನಿನ ನೂರಾರು ಕಟ್ಟಡಗಳು ಸಾರ್ವಜನಿಕರಿಗಾಗಿ ಬಾಗಿಲು ತೆರೆಯುತ್ತವೆ. ಉಳಿದ ದಿನಗಳಲ್ಲಿ ಕಾವಲುಗಾರರನ್ನು ದಾಟಿ ಒಳಗೆ ಹೋಗಲಾಗದ ಸರ್ಕಾರಿ ಕಚೇರಿಗಳು, ವಿಮಾ ಕಂಪನಿಗಳ ಗೋಪುರಗಳು, ಕೊಳಚೆ ನೀರಿನ ಪಂಪ್ ಮನೆಗಳು, ಯಾರದೋ ಸ್ವಂತ ಮನೆಗಳು ಕೂಡ ಆ ಪಟ್ಟಿಯಲ್ಲಿರುತ್ತವೆ. ಗಣೇಶನ ಹಬ್ಬದ ಆಸುಪಾಸಿನಲ್ಲೇ ಬರುವ ಈ ದಿನಗಳಲ್ಲಿ ಊರಿನಿಂದ ಬಂದಿರುವ ಅಪ್ಪ ಅಮ್ಮನನ್ನು ಎಲ್ಲಿಗೆ ಕರೆದೊಯ್ಯಬಹುದು, ಹಣ ಎಷ್ಟಾಗುತ್ತದೆ, ಟಿಕೆಟ್ ಹೇಗೆ ಸಿಗುತ್ತದೆ ಎಂದು ಇಲ್ಲಿನ ಕನ್ನಡಿಗ ಸ್ನೇಹಿತರು ಬೇಸಿಗೆ ಮುಗಿಯುವ ಹೊತ್ತಿಗೆ ಕೇಳಲು ಶುರುಮಾಡುತ್ತಾರೆ. ಹಲವು ವರ್ಷ ಹೋಗಿಬಂದ ಅನುಭವದಿಂದ ಆ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಓಪನ್ ಹೌಸ್ ಎಂದರೇನು, ಇದನ್ನು ನಡೆಸುವವರು ಯಾರು?

ವಿಕ್ಟೋರಿಯಾ ಥಾರ್ನ್‌ಟನ್ ಅವರು 1992ರಲ್ಲಿ ಲಂಡನ್ನಿನಲ್ಲಿ ಇದನ್ನು ಆರಂಭಿಸಿದರು. ಒಳ್ಳೆಯ ಕಟ್ಟಡ ಯಾವುದು, ಕೆಟ್ಟದ್ದು ಯಾವುದು ಎಂಬ ಚರ್ಚೆ ಪರಿಣತರ ನಡುವೆಯೇ ಮುಗಿದುಹೋಗಬಾರದು, ನಗರದಲ್ಲಿ ಬದುಕುವ ಜನರೇ ಕಟ್ಟಡದ ಒಳಗೆ ಕಾಲಿಟ್ಟು, ಮುಟ್ಟಿ ನೋಡಿ ಅಭಿಪ್ರಾಯ ಕಟ್ಟಿಕೊಳ್ಳಬೇಕು ಎಂಬುದು ಅದರ ಹಿಂದಿನ ಆಶಯ. ಫ್ರಾನ್ಸ್ ದೇಶವು 1984ರಲ್ಲೇ ತನ್ನ ಚಾರಿತ್ರಿಕ ಸ್ಮಾರಕಗಳನ್ನು ಒಂದು ದಿನ ಜನರಿಗೆ ತೆರೆದಿಟ್ಟಿತ್ತು, ಆದರೆ ಲಂಡನ್ನಿನ ಹಬ್ಬ ಹಳೆಯ ಸ್ಮಾರಕಗಳಿಗಷ್ಟೇ ನಿಲ್ಲದೆ ನಿನ್ನೆ ಮೊನ್ನೆ ಕಟ್ಟಿದ ಶಾಲೆ, ಗ್ರಂಥಾಲಯ, ವಸತಿ ಸಮುಚ್ಚಯಗಳನ್ನೂ ಸಮಾನವಾಗಿ ಸೇರಿಸಿಕೊಂಡಿತು. ನನ್ನ ಮಟ್ಟಿಗೆ ಇದರ ದೊಡ್ಡ ಗುಣ ಅದೇ. ಈಗ ಇದನ್ನು ಓಪನ್ ಸಿಟಿ ಎಂಬ ದತ್ತಿ ಸಂಸ್ಥೆ ನಡೆಸುತ್ತದೆ. ಲಂಡನ್ನಿನ ಮಾದರಿಯನ್ನೇ ಅನುಸರಿಸಿ ನ್ಯೂಯಾರ್ಕ್, ಡಬ್ಲಿನ್, ಮೆಲ್ಬರ್ನ್, ಬಾರ್ಸಿಲೋನಾ, ಷಿಕಾಗೋ ಮುಂತಾದ ನಗರಗಳಲ್ಲೂ ಓಪನ್ ಹೌಸ್ ನಡೆಯುತ್ತದೆ, ಆದ್ದರಿಂದ ಆ ಊರುಗಳಲ್ಲಿರುವ ಕನ್ನಡಿಗರಿಗೂ ಇಲ್ಲಿನ ಎಷ್ಟೋ ಮಾತು ಅನ್ವಯಿಸುತ್ತದೆ.

ಇದಕ್ಕೂ ವಾಸ್ತು ನೋಡುವುದಕ್ಕೂ ಸಂಬಂಧವಿದೆಯೇ?

ಇಲ್ಲ. ವಾಸ್ತುಶಿಲ್ಪ ಎಂದಾಕ್ಷಣ ನಮ್ಮವರಿಗೆ ಈಶಾನ್ಯ ಮೂಲೆ, ಅಡುಗೆಮನೆಯ ದಿಕ್ಕು ನೆನಪಾಗುವುದು ಸಹಜವೇ. ಇಲ್ಲಿ ಮಾತನಾಡುವುದು ಕಟ್ಟಡದ ವಿನ್ಯಾಸ, ಬಳಸಿದ ಸಾಮಗ್ರಿ, ಬೆಳಕು ಬರುವ ಬಗೆ, ಕಟ್ಟಿಸಿದವರ ಉದ್ದೇಶ ಮತ್ತು ಈಗ ಬಳಸುವವರ ಅನುಭವದ ಬಗ್ಗೆ.

ನಿಜವಾಗಿಯೂ ಪೂರ್ತಿ ಉಚಿತವೇ?

ಹೌದು, ಪ್ರವೇಶಕ್ಕೆ ಹಣ ಕೊಡಬೇಕಾಗಿಲ್ಲ, ಮಾರ್ಗದರ್ಶಕರ ವಿವರಣೆಗೂ ಶುಲ್ಕವಿಲ್ಲ. ನಿಮ್ಮ ಖರ್ಚು ಬಸ್ಸು, ರೈಲು ಮತ್ತು ಚಹಾಕ್ಕೆ ಆಗುವಷ್ಟೇ. ಸಂಸ್ಥೆಯು ವರ್ಷದ ಉಳಿದ ದಿನಗಳಲ್ಲಿ ಟಿಕೆಟ್ ಇಟ್ಟು ವಾಸ್ತುಶಿಲ್ಪ ನಡಿಗೆಗಳನ್ನು ಏರ್ಪಡಿಸುತ್ತದೆ, ಅದನ್ನೂ ಇದನ್ನೂ ಒಂದೇ ಎಂದು ತಿಳಿಯಬೇಡಿ. ಹಬ್ಬದ ಟಿಕೆಟ್ ಮಾರುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ದೇಣಿಗೆ ಕೊಡುವುದು ನಿಮ್ಮ ಇಷ್ಟ. ಆದರೆ ಬುಕ್ ಮಾಡಿದ ಸೀಟಿಗೆ ಹೋಗಲಾಗದಿದ್ದರೆ ಅದನ್ನು ರದ್ದು ಮಾಡುವುದನ್ನು ಮಾತ್ರ ಮರೆಯಬಾರದು, ಏಕೆಂದರೆ ಹಣ ಕೊಟ್ಟಿಲ್ಲವಲ್ಲ ಎಂದು ಸುಮ್ಮನಿದ್ದುಬಿಟ್ಟರೆ ಎಂಟು ಹತ್ತು ಜನರಿಗಷ್ಟೇ ಜಾಗವಿರುವ ಸಣ್ಣ ಮನೆಯೊಂದರಲ್ಲಿ ಕಾಯುತ್ತಿದ್ದ ಇನ್ನೊಬ್ಬರ ಅವಕಾಶ ತಪ್ಪುತ್ತದೆ.

ಯಾವ ದಿನಾಂಕಗಳಲ್ಲಿ ನಡೆಯುತ್ತದೆ?

ಮೊದಲು ಸೆಪ್ಟೆಂಬರಿನ ಒಂದು ಶನಿವಾರ, ಭಾನುವಾರದಂದು ಮಾತ್ರ ನಡೆಯುತ್ತಿತ್ತು. 2021ರಿಂದ ಅದು ಎರಡು ವಾರಾಂತ್ಯಗಳಿಗೂ ನಡುವಿನ ದಿನಗಳಿಗೂ ಹರಡಿಕೊಂಡಿದೆ. 2024ರಲ್ಲಿ ಸೆಪ್ಟೆಂಬರ್ 14ರಿಂದ 22ರವರೆಗೆ, 2025ರಲ್ಲಿ 13ರಿಂದ 21ರವರೆಗೆ ನಡೆಯಿತು. ಹಾಗೆಂದು ಪ್ರತಿ ಕಟ್ಟಡವೂ ಅಷ್ಟೂ ದಿನ ತೆರೆದಿರುವುದಿಲ್ಲ. ಕೆಲವು ಒಂದೇ ಮಧ್ಯಾಹ್ನ, ಕೆಲವು ಎರಡೇ ಗಂಟೆ ಮಾತ್ರ ತೆರೆದಿರುತ್ತವೆ. ಕಾರ್ಯಕ್ರಮದ ಪಟ್ಟಿ ಆಗಸ್ಟ್ ತಿಂಗಳಲ್ಲಿ ಹಬ್ಬದ ಜಾಲತಾಣದಲ್ಲಿ ಪ್ರಕಟವಾಗುತ್ತದೆ. ಅಪ್ಪ ಅಮ್ಮನ ವಿಮಾನದ ಟಿಕೆಟ್ ಮಾಡಿಸುವ ಮುನ್ನ ಆ ವರ್ಷದ ದಿನಾಂಕವನ್ನು ನೋಡಿಕೊಂಡರೆ ಸಾಕು.

ಟಿಕೆಟ್ ಪಡೆಯುವುದು ಹೇಗೆ?

ಪ್ರವೇಶದಲ್ಲಿ ಮೂರು ಬಗೆಯುಂಟು. ಮೊದಲನೆಯದು ನೇರವಾಗಿ ಹೋಗಿ ಸಾಲಿನಲ್ಲಿ ನಿಂತು ಒಳಗೆ ಹೋಗುವುದು. ಎರಡನೆಯದು ಸಮಯ ನಿಗದಿಯಾದ ಸೀಟನ್ನು ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡುವುದು. ಮೂರನೆಯದು ತೀರ ಬೇಡಿಕೆಯಿರುವ ಕಟ್ಟಡಗಳಿಗೆ ಹೆಸರು ನೋಂದಾಯಿಸಿ ಚೀಟಿ ಎತ್ತುವವರೆಗೆ ಕಾಯುವುದು. ಪ್ರಧಾನಮಂತ್ರಿಗಳ ನಿವಾಸವಾದ 10, ಡೌನಿಂಗ್ ಸ್ಟ್ರೀಟ್ ಮತ್ತು 1960ರ ದಶಕದ ದೂರಸಂಪರ್ಕ ಗೋಪುರವಾದ ಬಿಟಿ ಟವರ್ ಹೀಗೆ ಚೀಟಿ ಎತ್ತಿ ಜನರನ್ನು ಒಳಗೆ ಬಿಟ್ಟ ವರ್ಷಗಳಿವೆ.

ಬುಕಿಂಗ್ ಆರಂಭವಾಗುವ ದಿನ, ಗಂಟೆ ಎರಡನ್ನೂ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಹೆಸರುವಾಸಿಯಾದ ಕಟ್ಟಡಗಳ ಸೀಟುಗಳು ನಮ್ಮ ತತ್ಕಾಲ್ ಟಿಕೆಟ್ಟಿನಂತೆ ನಿಮಿಷಗಳಲ್ಲಿ ಮುಗಿದುಹೋಗುತ್ತವೆ. ಸಿಗಲಿಲ್ಲವೆಂದು ಕೈಬಿಡಬೇಡಿ. ಹಬ್ಬಕ್ಕೆ ಎರಡು ಮೂರು ದಿನ ಮುಂಚೆ ರದ್ದಾದ ಸೀಟುಗಳು ಮತ್ತೆ ಕಾಣಿಸಿಕೊಳ್ಳುತ್ತವೆ, ರಾತ್ರಿ ಊಟವಾದ ಮೇಲೆ ಒಮ್ಮೆ, ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ ನೋಡುತ್ತಿದ್ದರೆ ಸಾಮಾನ್ಯವಾಗಿ ಒಂದಾದರೂ ಸಿಗುತ್ತದೆ.

ಎತ್ತರದ ಗೋಪುರಗಳ ಮೇಲಿಂದ ಊರು ನೋಡಬೇಕು. ಯಾವುದಕ್ಕೆ ಪ್ರಯತ್ನಿಸಬೇಕು?

ಮೇಲಿಂದ ಊರು ನೋಡುವುದಷ್ಟೇ ನಿಮ್ಮ ಆಸೆಯಾದರೆ ದಯವಿಟ್ಟು ಹಬ್ಬದ ದಿನವನ್ನು ಅದಕ್ಕೆ ಕಳೆಯಬೇಡಿ. ಫೆನ್‌ಚರ್ಚ್ ಸ್ಟ್ರೀಟಿನ ಸ್ಕೈ ಗಾರ್ಡನ್ ಮತ್ತು ಬಿಷಪ್ಸ್‌ಗೇಟಿನ ಹೊರೈಜನ್ 22 ಎರಡೂ ವರ್ಷದುದ್ದಕ್ಕೂ ಉಚಿತ, ಮೊದಲೇ ಬುಕ್ ಮಾಡಿಕೊಂಡರಾಯಿತು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾನು ಮೊದಲ ವರ್ಷ ಒಂದು ಗೋಪುರದ ಮುಂದೆ ಬೆಳಿಗ್ಗೆ ಏಳೂವರೆಗೆ ಹೋಗಿ ನಿಂತೆ. ಹನ್ನೊಂದೂವರೆಗೆ ಸಿಬ್ಬಂದಿಯೊಬ್ಬರು ಬಂದು ಇಂದಿನ ಸಂಖ್ಯೆ ಮುಗಿಯಿತು ಎಂದು ನನ್ನಿಂದ ಮೂವತ್ತು ಜನ ಮುಂದೆ ಹಗ್ಗ ಕಟ್ಟಿದರು. ಮಳೆಯಲ್ಲಿ ನೆನೆದದ್ದಕ್ಕಿಂತ, ಆ ನಾಲ್ಕು ಗಂಟೆಯಲ್ಲಿ ಸಾಲೇ ಇಲ್ಲದ ಮೂರು ಕಟ್ಟಡಗಳನ್ನು ನೋಡಬಹುದಿತ್ತಲ್ಲ ಎಂಬುದೇ ಹೆಚ್ಚು ನೋಯಿಸಿತು.

ಗೋಪುರವನ್ನೇ ನೋಡುವುದಾದರೆ ನೋಟಕ್ಕಾಗಿ ಅಲ್ಲದೆ ಕಟ್ಟಿದ ಬಗೆಗಾಗಿ ನೋಡಿ. ರಿಚರ್ಡ್ ರಾಜರ್ಸ್ ವಿನ್ಯಾಸದ, 1986ರಲ್ಲಿ ಪೂರ್ಣಗೊಂಡ, ವಿಮಾ ವ್ಯವಹಾರ ನಡೆಯುವ ಲಾಯ್ಡ್ಸ್ ಕಟ್ಟಡದಲ್ಲಿ ಲಿಫ್ಟು, ಮೆಟ್ಟಿಲು, ನೀರಿನ ಕೊಳವೆ, ಗಾಳಿಯ ಕೊಳವೆ ಎಲ್ಲವನ್ನೂ ಹೊರಗೋಡೆಗೆ ತಂದು ನಿಲ್ಲಿಸಿದ್ದಾರೆ. ಅದರಿಂದಾಗಿ ಒಳಗೆ ತಳದಿಂದ ಚಾವಣಿಯವರೆಗೆ ಅಡ್ಡಿಯಿಲ್ಲದ ಒಂದೇ ದೊಡ್ಡ ಅಂಗಳ ಉಳಿದಿದೆ. ಕೆಟ್ಟುಹೋಗುವ ಭಾಗಗಳು ಹೊರಗಿದ್ದರೆ ಒಳಗಿನ ಕೆಲಸ ನಿಲ್ಲಿಸದೆ ಬದಲಾಯಿಸಬಹುದು ಎಂಬುದು ಆ ವಿನ್ಯಾಸದ ತರ್ಕ. ಅಷ್ಟು ಉಕ್ಕಿನ ನಡುವೆ ಮೇಲಿನ ಮಹಡಿಯೊಂದರಲ್ಲಿ ರಾಬರ್ಟ್ ಆಡಮ್ 1763ರಲ್ಲಿ ಹಳ್ಳಿಯ ಬಂಗಲೆಯೊಂದಕ್ಕಾಗಿ ವಿನ್ಯಾಸ ಮಾಡಿದ್ದ ಊಟದ ಕೋಣೆಯನ್ನು ಇಡಿಯಾಗಿ ತಂದು ಜೋಡಿಸಿದ್ದಾರೆ. 2011ರಲ್ಲಿ ಇದಕ್ಕೆ ಗ್ರೇಡ್ ಒಂದರ ಸಂರಕ್ಷಿತ ಕಟ್ಟಡದ ಸ್ಥಾನ ಸಿಕ್ಕಿತು, ಅಲ್ಲಿಗೆ ಅದು ಪೂರ್ಣಗೊಂಡು ಇಪ್ಪತ್ತೈದು ವರ್ಷವಷ್ಟೇ ಆಗಿತ್ತು.

ಭಾರತಕ್ಕೆ, ಅದರಲ್ಲೂ ಕರ್ನಾಟಕಕ್ಕೆ ಸಂಬಂಧಿಸಿದ ಕಟ್ಟಡ ಯಾವುದಾದರೂ ಇದೆಯೇ?

ಇದೆ, ಮತ್ತು ನನ್ನನ್ನು ಕೇಳಿದರೆ ನಮ್ಮವರು ತಪ್ಪಿಸಿಕೊಳ್ಳಬಾರದ ಕಟ್ಟಡ ಅದು. ವೈಟ್‌ಹಾಲಿನ ಪಕ್ಕದ ಕಿಂಗ್ ಚಾರ್ಲ್ಸ್ ಸ್ಟ್ರೀಟಿನಲ್ಲಿರುವ ವಿದೇಶಾಂಗ ಕಚೇರಿ ಹಲವು ವರ್ಷಗಳಲ್ಲಿ ಈ ಹಬ್ಬಕ್ಕೆ ಬಾಗಿಲು ತೆರೆದಿದೆ. ಜಾರ್ಜ್ ಗಿಲ್ಬರ್ಟ್ ಸ್ಕಾಟ್ 1860ರ ದಶಕದಲ್ಲಿ ಕಟ್ಟಿದ ಆ ಸಮುಚ್ಚಯದ ಒಂದು ಪಾಲು, 1858ರಲ್ಲಿ ಕಂಪನಿ ಸರ್ಕಾರ ಕೊನೆಗೊಂಡ ಮೇಲೆ ಭಾರತವನ್ನು ಆಳಲು ಹುಟ್ಟಿದ ಇಂಡಿಯಾ ಆಫೀಸಿನದಾಗಿತ್ತು. ಅದರ ಒಳಭಾಗದ ವಿನ್ಯಾಸ ಮ್ಯಾಥ್ಯೂ ಡಿಗ್ಬಿ ವ್ಯಾಟ್ ಅವರದು.

ಅಲ್ಲಿನ ದರ್ಬಾರ್ ಕೋರ್ಟ್ ಎಂಬ ಒಳಾಂಗಣದಲ್ಲಿ ನಿಂತಾಗ ನಮ್ಮ ತೊಟ್ಟಿ ಮನೆಯನ್ನು ಕಂಡವರಿಗೆ ಅದರ ನಕ್ಷೆ ತಕ್ಷಣ ಅರ್ಥವಾಗುತ್ತದೆ. ನಡುವೆ ಖಾಲಿ ಅಂಗಳ, ಸುತ್ತ ಕಂಬಗಳ ಜಗಲಿ, ಮೇಲೆ ಮತ್ತೆರಡು ಅಂತಸ್ತು. ಮೊದಲು ಆಕಾಶಕ್ಕೆ ತೆರೆದಿದ್ದ ಅಂಗಳಕ್ಕೆ ಆಮೇಲೆ ಗಾಜಿನ ಚಾವಣಿ ಹಾಕಿದರು. ಮೊದಲನೆಯ ಮಹಡಿಯ ಕಂಬಗಳು ನಯಗೊಳಿಸಿದ ಕೆಂಪು ಗ್ರಾನೈಟಿನವು, ಅದರ ಮೇಲಿನವು ಬೂದು ಗ್ರಾನೈಟಿನವು. ಬಿಸಿಲು ಬಿದ್ದ ಗಳಿಗೆಯಲ್ಲಿ ಕೆಂಪು ಕಂಬದ ಪಕ್ಕಕ್ಕೆ ಹೋಗಿ ನೋಡಿ, ಎದುರಿನ ಕಮಾನುಗಳ ಪೂರ್ತಿ ಸಾಲು ಅದರ ಮೈಯಲ್ಲಿ ಸಣ್ಣದಾಗಿ, ಬಾಗಿದಂತೆ ಕಾಣುತ್ತದೆ. 1867ರಲ್ಲಿ ಟರ್ಕಿಯ ಸುಲ್ತಾನರಿಗೆ ಏರ್ಪಡಿಸಿದ ಔತಣಕೂಟಕ್ಕಾಗಿ ಇದನ್ನು ಮೊದಲ ಬಾರಿ ಬಳಸಿದರು, ದರ್ಬಾರ್ ಎಂಬ ಹೆಸರು ಬಂದದ್ದು 1902ರಲ್ಲಿ. ಈ ಇಲಾಖೆಯನ್ನು ನಡೆಸುವ ಖರ್ಚು ಭಾರತದ ಕಂದಾಯದಿಂದ ಹೋಗುತ್ತಿತ್ತು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಆ ಅಮೃತಶಿಲೆಯ ನೆಲದ ಮೇಲೆ ನಡೆಯಬೇಕು.

ಮೈಸೂರಿನ ನಂಟೂ ಇಲ್ಲಿದೆ. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಿತ್ತುಕೊಂಡ ಮೇಲೆ, ಅವರ ದತ್ತುಪುತ್ರನಿಗೆ ರಾಜ್ಯ ಮರಳುವುದೇ ಅಥವಾ ಮೈಸೂರು ನೇರವಾಗಿ ಬ್ರಿಟಿಷ್ ಭಾರತಕ್ಕೆ ಸೇರಿಹೋಗುವುದೇ ಎಂಬ ಪ್ರಶ್ನೆ ದಶಕಗಟ್ಟಲೆ ತೂಗಾಡುತ್ತಿತ್ತು. ರಾಜ್ಯವನ್ನು ದತ್ತುಪುತ್ರನಿಗೆ ಒಪ್ಪಿಸಬೇಕೆಂಬ ನಿರ್ಧಾರವನ್ನು 1867ರ ಏಪ್ರಿಲಿನಲ್ಲಿ ಕಳುಹಿಸಿದ್ದು ಇದೇ ಇಂಡಿಯಾ ಆಫೀಸಿನ ಅಂದಿನ ಮುಖ್ಯಸ್ಥ ಸ್ಟಾಫರ್ಡ್ ನಾರ್ತ್‌ಕೋಟ್. ಮರುವರ್ಷ ಮುಮ್ಮಡಿಯವರು ತೀರಿಕೊಂಡರು, 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ಅಧಿಕಾರ ಮರಳಿತು. ನಮ್ಮ ಊರಿನ ಹಣೆಬರಹವನ್ನು ಕೈಯಲ್ಲಿ ಹಿಡಿದಿದ್ದ ಇಲಾಖೆಯ ಜಗಲಿಯಲ್ಲಿ ನಿಂತಿದ್ದೇನೆ ಎಂದು ತಿಳಿದಾಗ ಆ ಕಟ್ಟಡ ನನಗೆ ಬೇರೆಯದೇ ಆಗಿ ಕಂಡಿತು. ಅಲ್ಲಿನ ಮಾರ್ಗದರ್ಶಕರು ಇದನ್ನು ತಾವಾಗಿ ಹೇಳಲಿಕ್ಕಿಲ್ಲ, ನಾವು ತಿಳಿದುಕೊಂಡು ಹೋಗಬೇಕು.

ಜನ ತಮ್ಮ ಸ್ವಂತ ಮನೆಗಳನ್ನು ಅಪರಿಚಿತರಿಗೆ ತೆರೆಯುತ್ತಾರೆಯೇ?

ತೆರೆಯುತ್ತಾರೆ, ಮತ್ತು ಹಬ್ಬದ ಜೀವ ಇರುವುದೇ ಅಲ್ಲಿ ಎಂದು ನಾನು ನಂಬಿದ್ದೇನೆ. ಅರಮನೆಯಂಥ ಕಟ್ಟಡದಲ್ಲಿ ಸಿಬ್ಬಂದಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಬಹುದು. ಮನೆಯಲ್ಲಿ ಹಾಗಲ್ಲ, ಚಳಿಗಾಲದಲ್ಲಿ ಯಾವ ಕಿಟಕಿಯಿಂದ ಗಾಳಿ ನುಗ್ಗುತ್ತದೆ ಎಂಬುದನ್ನು ಅಲ್ಲಿ ವಾಸಿಸುವವರೇ ಹೇಳುತ್ತಾರೆ.

ಒಂದೇ ಮನೆ ನೋಡಲು ಬಿಡುವಿದ್ದರೆ ದಕ್ಷಿಣ ಲಂಡನ್ನಿನ ಲೂವಿಷಮ್ ಪ್ರದೇಶದ ವಾಲ್ಟರ್ಸ್ ವೇ ಎಂಬ ಪುಟ್ಟ ಓಣಿಗೆ ಹೋಗಿ. ಆನರ್ ಓಕ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ನಡೆದರೆ ಸಿಗುತ್ತದೆ. ಅಲ್ಲಿ 1980ರ ದಶಕದಲ್ಲಿ ಸಾಮಾನ್ಯ ಜನರು ತಮ್ಮ ಕೈಯಿಂದಲೇ ಕಟ್ಟಿಕೊಂಡ 13 ಮರದ ಮನೆಗಳಿವೆ. ಇಳಿಜಾರಾದ ಆ ಜಾಗ ಮಾಮೂಲಿ ಮನೆ ಕಟ್ಟಲು ಯೋಗ್ಯವಲ್ಲವೆಂದು ಖಾಲಿ ಬಿದ್ದಿತ್ತು. ಸ್ಥಳೀಯ ಪೌರಾಡಳಿತವು ಅದನ್ನು ಮನೆಗಾಗಿ ಕಾಯುತ್ತಿದ್ದ ಕುಟುಂಬಗಳಿಗೆ ಕೊಟ್ಟಿತು, ವಾಲ್ಟರ್ ಸೀಗಲ್ ಎಂಬ ವಾಸ್ತುಶಿಲ್ಪಿ ರೂಪಿಸಿದ್ದ ಕಟ್ಟುವ ವಿಧಾನ ಅವರಿಗೆ ದಾರಿಯಾಯಿತು. ಸಣ್ಣ ಕಾಂಕ್ರೀಟು ಗುಂಡಿಗಳ ಮೇಲೆ ಮರದ ಕಂಬ ನಿಲ್ಲಿಸಿ, ತೊಲೆ ಕೂಡಿಸಿ, ಮಾರುಕಟ್ಟೆಯಲ್ಲಿ ಸಿಗುವ ಹಲಗೆಗಳನ್ನು ಅವುಗಳ ಅಳತೆಯಲ್ಲೇ, ಆದಷ್ಟು ಕತ್ತರಿಸದೆ ನಡುವೆ ಕೂರಿಸುವುದು. ಇಟ್ಟಿಗೆ ಕಟ್ಟುವುದಿಲ್ಲ, ಗಾರೆ ಮೆತ್ತುವುದಿಲ್ಲ. ಬೋಲ್ಟು ಬಿಗಿಯಲು ಬಂದರೆ ಮನೆ ಕಟ್ಟಲು ಬಂದಂತೆ.

ನಾನು ಅಮ್ಮನನ್ನು ಕರೆದುಕೊಂಡು ಹೋದ ವರ್ಷ ಮನೆಯೊಡೆಯರೊಬ್ಬರು ಕೋಣೆಯ ಗೋಡೆಯ ಒಂದು ಪಟ್ಟಿಯನ್ನು ತೋರಿಸಿ, ಮಗು ಹುಟ್ಟಿದಾಗ ಇಲ್ಲಿದ್ದ ಗೋಡೆಯನ್ನು ಬಿಚ್ಚಿ ಎರಡಡಿ ಆಚೆಗೆ ಸರಿಸಿದೆವು ಎಂದರು. ಹಳೆಯ ಬೋಲ್ಟಿನ ತೂತುಗಳು ತೊಲೆಯಲ್ಲಿ ಹಾಗೆಯೇ ಇದ್ದವು, ಅದರ ಸುತ್ತ ಮರ ಸ್ವಲ್ಪ ಕಪ್ಪಾಗಿತ್ತು. ಮಲೆನಾಡಿನವರಾದ ಅಮ್ಮ ಆ ತೂತಿಗೆ ಬೆರಳಿಟ್ಟು, “ನಮ್ಮಲ್ಲಿ ಕೊಟ್ಟಿಗೆ ಕಟ್ಟೋದೂ ಹಿಂಗೇ ಅಲ್ವಾ, ಬೇಡ ಅಂದ್ರೆ ಬಿಚ್ಚಿ ಬೇರೆ ಕಡೆ ನಿಲ್ಲಿಸ್ತಾರೆ” ಎಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವರಿಬ್ಬರ ನಡುವೆ ಶುರುವಾದ ಕಂಬ, ತೊಲೆ, ಗೆದ್ದಲಿನ ಮಾತು ಅರ್ಧ ಗಂಟೆ ನಡೆಯಿತು, ದುಭಾಷಿಯಾಗಿ ನಾನೇ ದಣಿದೆ.

ಇದಕ್ಕೆ ಪೂರ್ತಿ ವಿರುದ್ಧವಾದ ವಸತಿಯನ್ನು ನೋಡಬೇಕಾದರೆ ಪಶ್ಚಿಮದ ಟ್ರೆಲಿಕ್ ಟವರಿನ ಫ್ಲ್ಯಾಟು ಪಟ್ಟಿಯಲ್ಲಿದೆಯೇ ನೋಡಿ. ಎರ್ನೊ ಗೋಲ್ಡ್‌ಫಿಂಗರ್ ವಿನ್ಯಾಸದ, 1972ರಲ್ಲಿ ಪೂರ್ಣಗೊಂಡ 31 ಅಂತಸ್ತಿನ ಈ ಕಟ್ಟಡದಲ್ಲಿ ಲಿಫ್ಟುಗಳಿಗೆಂದೇ ಪಕ್ಕದಲ್ಲಿ ಬೇರೊಂದು ಗೋಪುರವಿದ್ದು, ಮೂರು ಅಂತಸ್ತಿಗೊಂದರಂತೆ ಸೇತುವೆಗಳು ಎರಡನ್ನೂ ಜೋಡಿಸುತ್ತವೆ. ಲಿಫ್ಟಿನ ಸದ್ದು ಮಲಗುವ ಕೋಣೆಗೆ ಬರಬಾರದೆಂದು ಹಾಗೆ ಮಾಡಿದರು.

ಒಂದು ದಿನಕ್ಕೆ ಎಷ್ಟು ಕಟ್ಟಡಗಳನ್ನು ನೋಡಬಹುದು?

ಮೂರು. ಚುರುಕಾಗಿ ಓಡಾಡುವವರಾದರೆ ನಾಲ್ಕು. ಎಂಟು, ಹತ್ತು ಎಂದು ಪಟ್ಟಿ ಮಾಡಿಕೊಂಡು ಹೊರಟವರು ಸಂಜೆಗೆ ರೈಲು ನಿಲ್ದಾಣಗಳನ್ನಷ್ಟೇ ನೆನಪಿಟ್ಟುಕೊಂಡು ಮನೆಗೆ ಬರುತ್ತಾರೆ. ಲಂಡನ್ ಎಂದರೆ 32 ಬರೋಗಳು (ಸ್ಥಳೀಯ ಆಡಳಿತದ ವಿಭಾಗಗಳು) ಮತ್ತು ಸಿಟಿ ಆಫ್ ಲಂಡನ್ ಸೇರಿದ ವಿಸ್ತಾರವಾದ ಪ್ರದೇಶ. ದಿನಕ್ಕೊಂದು ಬರೋ ಆರಿಸಿಕೊಂಡು ಅದರೊಳಗೆ ಕಾಲ್ನಡಿಗೆಯಲ್ಲಿ ಮುಟ್ಟಬಹುದಾದ ಕಟ್ಟಡಗಳನ್ನು ಗುರುತು ಮಾಡಿಕೊಳ್ಳಿ. ಬುಕ್ ಮಾಡಿದ್ದು ಒಂದು, ನೇರವಾಗಿ ಹೋಗುವುದು ಎರಡು ಎಂಬ ಲೆಕ್ಕ ನನಗೆ ಯಾವಾಗಲೂ ಹೊಂದಿಕೊಂಡಿದೆ. ನೀವು ಬಾಡಿಗೆಗಿರುವ ಬರೋವನ್ನೇ ಮೊದಲ ದಿನಕ್ಕೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ದಿನವೂ ಬಸ್ಸಿನ ಕಿಟಕಿಯಿಂದ ಕಾಣುವ ಕಟ್ಟಡದ ಒಳಗೆ ಹೋಗಿಬಂದರೆ ಆಮೇಲೆ ಅದೇ ದಾರಿಯಲ್ಲಿ ಹೋಗುವಾಗಲೆಲ್ಲ ಕಣ್ಣು ಅತ್ತ ಹೊರಳುತ್ತದೆ.

ಓಡಾಟಕ್ಕೆ ಏನು ಮಾಡಬೇಕು?

ಆಯ್ಸ್ಟರ್ ಕಾರ್ಡು ಅಥವಾ ಬ್ಯಾಂಕ್ ಕಾರ್ಡನ್ನು ತಾಗಿಸಿ ಹೋಗುವುದೇ ಸುಲಭ, ದಿನದ ಮಿತಿ ದಾಟಿದ ಮೇಲೆ ಹೆಚ್ಚು ಹಣ ಕಡಿತವಾಗುವುದಿಲ್ಲ. ಬಸ್ಸಿನಲ್ಲಿ ಮೊದಲ ಸಲ ಕಾರ್ಡು ತಾಗಿಸಿದ ಒಂದು ಗಂಟೆಯೊಳಗೆ ಬೇರೆ ಬಸ್ಸು ಹತ್ತಿದರೆ ಮತ್ತೆ ಹಣ ಹೋಗುವುದಿಲ್ಲ. ವಾರಾಂತ್ಯಗಳಲ್ಲಿ ಹಳಿಗಳ ದುರಸ್ತಿಗಾಗಿ ಕೆಲವು ಮಾರ್ಗಗಳನ್ನು ಮುಚ್ಚುವುದುಂಟು, ಹಿಂದಿನ ರಾತ್ರಿಯೇ ನೋಡಿಕೊಳ್ಳಿ.

ವಯಸ್ಸಾದ ತಂದೆತಾಯಿಯರನ್ನು ಕರೆದೊಯ್ಯಬಹುದೇ?

ಖಂಡಿತ, ಆದರೆ ಕಟ್ಟಡವನ್ನು ಆರಿಸುವ ಕೆಲಸ ನಿಮ್ಮದು. ಪ್ರತಿ ಕಟ್ಟಡದ ವಿವರದಲ್ಲಿ ಲಿಫ್ಟು, ಇಳಿಜಾರು ದಾರಿ, ಶೌಚಾಲಯ, ಗಾಲಿಕುರ್ಚಿ ಹೋಗುವ ಅನುಕೂಲದ ಬಗ್ಗೆ ಬರೆದಿರುತ್ತಾರೆ. ಅದನ್ನು ಓದದೆ ಹೊರಡಬೇಡಿ, ಏಕೆಂದರೆ ಹಳೆಯ ಕಟ್ಟಡಗಳಲ್ಲಿ ಕಡಿದಾದ ಸುರುಳಿ ಮೆಟ್ಟಿಲು ಬಿಟ್ಟರೆ ಬೇರೆ ದಾರಿಯೇ ಇರದಿರಬಹುದು. ಮಂಡಿನೋವಿರುವವರಿಗೆ ಸಮಯ ನಿಗದಿಯಾದ ಪ್ರವೇಶವೇ ಸರಿ, ಸಾಲಿನಲ್ಲಿ ಕೂರಲು ಜಾಗವಿರುವುದಿಲ್ಲ. ವಿವರಣೆ ಇಂಗ್ಲಿಷಿನಲ್ಲಿರುತ್ತದೆ. ಗುಂಪಿನ ಹಿಂದಿನ ಸಾಲಿನಲ್ಲಿ ನಿಂತು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಾ ಹೋದರೆ ಯಾರೂ ಆಕ್ಷೇಪಿಸುವುದಿಲ್ಲ. ಸೆಪ್ಟೆಂಬರಿನ ಬಿಸಿಲನ್ನು ನಂಬಿ ಸ್ವೆಟರನ್ನು ಮನೆಯಲ್ಲಿ ಬಿಟ್ಟು ಬರಬೇಡಿರೆಂದು ಮಾತ್ರ ಅವರಿಗೆ ಹೇಳಿ.

ಮಕ್ಕಳಿಗೆ ಬೇಸರವಾಗುವುದಿಲ್ಲವೇ?

ನಿಂತು ಕೇಳುವ ಪ್ರವಾಸಗಳು ಬೇಸರ ತರಿಸುತ್ತವೆ. ಯಂತ್ರವಿರುವ ಜಾಗಗಳಿಗೆ ಕರೆದೊಯ್ಯಿರಿ. ಪೂರ್ವದ ಅಬ್ಬಿ ವುಡ್ ಬಳಿಯ ಕ್ರಾಸ್‌ನೆಸ್ ಪಂಪ್ ಮನೆಯಲ್ಲಿ 1865ರ ನಾಲ್ಕು ದೈತ್ಯ ಉಗಿಯಂತ್ರಗಳಿವೆ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ನಾರಿ ಸಂಸತ್ತಿನಲ್ಲಿ ಕೂರುವುದೇ ಕಷ್ಟವಾದಾಗ, ಇಡೀ ನಗರದ ಕೊಳಚೆಯನ್ನು ಪೂರ್ವಕ್ಕೆ ಸಾಗಿಸಲು ಜೋಸೆಫ್ ಬ್ಯಾಜಲ್‌ಗೆಟ್ ರೂಪಿಸಿದ ವ್ಯವಸ್ಥೆಯ ಭಾಗ ಅದು. ಕೊಳಚೆ ಎತ್ತುವ ಮನೆಗೂ ದೇವಸ್ಥಾನದ ಮಂಟಪದಂತೆ ಎಲೆ, ಹಣ್ಣಿನ ಎರಕದ ಕಬ್ಬಿಣದ ಕೆತ್ತನೆ ಮಾಡಿ ಬಣ್ಣ ಬಳಿದಿದ್ದಾರೆ. ಸ್ವಯಂಸೇವಕರು ದುರಸ್ತಿ ಮಾಡಿದ ಯಂತ್ರವೊಂದು ತಿರುಗುವುದನ್ನು ಕಂಡ ಮಕ್ಕಳು ಕೈಹಿಡಿದು ಎಳೆದರೂ ಹೊರಗೆ ಬರುವುದಿಲ್ಲ. ಹಬ್ಬದ ದಿನಗಳಲ್ಲಿ ಅದು ತೆರೆದಿಲ್ಲದಿದ್ದರೆ ತನ್ನದೇ ಪ್ರದರ್ಶನದ ದಿನಗಳಲ್ಲಿ ಟಿಕೆಟ್ ಕೊಟ್ಟು ನೋಡಬಹುದು.

ಫೋಟೋ ತೆಗೆಯಬಹುದೇ? ಏನನ್ನು ಒಯ್ಯಬೇಕು?

ಹೆಚ್ಚಿನ ಕಡೆ ಫೋಟೋ ತೆಗೆಯಬಹುದು. ಸರ್ಕಾರಿ ಕಚೇರಿಗಳಲ್ಲಿ ಮೊದಲೇ ಕೇಳಿ, ಮನೆಗಳಲ್ಲಿ ಕೇಳಿಯೇ ತೆಗೆಯಿರಿ, ಅಲ್ಲಿನ ಮಕ್ಕಳ ಫೋಟೋಗಳು, ಮೇಜಿನ ಮೇಲಿನ ಕಾಗದಗಳು ನಿಮ್ಮ ಚಿತ್ರದಲ್ಲಿ ಬಾರದಿರಲಿ. ಭದ್ರತೆಯಿರುವ ಕಟ್ಟಡಗಳಿಗೆ ಗುರುತಿನ ಚೀಟಿ ಬೇಕು, ಊರಿನಿಂದ ಬಂದವರಾದರೆ ಪಾಸ್‌ಪೋರ್ಟ್. ದೊಡ್ಡ ಚೀಲ ಬೇಡ, ಬಾಗಿಲಲ್ಲೇ ತಪಾಸಣೆ ಮಾಡುತ್ತಾರೆ. ಸುಲಭವಾಗಿ ಬಿಚ್ಚಬಹುದಾದ ಚಪ್ಪಲಿ ಅಥವಾ ಶೂ ಹಾಕಿಕೊಂಡರೆ ಒಳ್ಳೆಯದು, ಎಷ್ಟೋ ಮನೆಗಳಲ್ಲಿ ನಮ್ಮಲ್ಲಿಯ ಹಾಗೆಯೇ ಹೊಸ್ತಿಲ ಹೊರಗೆ ಬಿಟ್ಟು ಬರಲು ಹೇಳುತ್ತಾರೆ. ಬುತ್ತಿ ಕಟ್ಟಿಕೊಂಡು ಹೋಗಿ, ಪುಳಿಯೋಗರೆಗೆ ಪಾರ್ಕಿನ ಬೆಂಚು ಇದ್ದೇ ಇದೆ, ಕಟ್ಟಡದ ಒಳಗೆ ಮಾತ್ರ ಡಬ್ಬಿ ತೆರೆಯಬೇಡಿ.

ವಾಸ್ತುಶಿಲ್ಪದ ಬಗ್ಗೆ ಏನೂ ಗೊತ್ತಿಲ್ಲ. ಒಳಗೆ ಹೋಗಿ ಏನು ಕೇಳಲಿ?

ಗೊತ್ತಿಲ್ಲದವರಿಗಾಗಿಯೇ ಇದನ್ನು ಶುರುಮಾಡಿದ್ದು. ನಾನು ಎಲ್ಲೇ ಹೋದರೂ ಒಂದೆರಡು ಪ್ರಶ್ನೆ ಕೇಳುತ್ತೇನೆ. ಮಳೆನೀರು ಎಲ್ಲಿ ಹೋಗುತ್ತದೆ? ಈ ಕೋಣೆಯಲ್ಲಿ ಹಗಲು ದೀಪ ಬೇಕಾಗುತ್ತದೆಯೇ? ಕಟ್ಟಿದ ಮೇಲೆ ಏನನ್ನು ಬದಲಾಯಿಸಬೇಕಾಯಿತು? ಕೊನೆಯ ಪ್ರಶ್ನೆಗೆ ವಾಸ್ತುಶಿಲ್ಪಿಗಳು ಒಂದು ಕ್ಷಣ ತಡೆದು ಆಮೇಲೆ ಮನಬಿಚ್ಚಿ ಮಾತನಾಡುತ್ತಾರೆ. ಮನೆ ಕಟ್ಟಿಸಿದ ಅನುಭವವಿರುವ ನಮ್ಮ ಹಿರಿಯರು ಇಂಥಲ್ಲಿ ನಮಗಿಂತ ಚೆನ್ನಾಗಿ ಪ್ರಶ್ನೆ ಕೇಳುವುದನ್ನು ಹಲವು ಸಲ ಕಂಡಿದ್ದೇನೆ.

ಸ್ವಯಂಸೇವಕರಾಗಿ ಸೇರಬಹುದೇ?

ಸೇರಬಹುದು. ಬಾಗಿಲಲ್ಲಿ ನಿಂತು ಜನರನ್ನು ಎಣಿಸುವುದು, ಸಾಲು ನೋಡಿಕೊಳ್ಳುವುದು, ಬಂದವರನ್ನು ಸ್ವಾಗತಿಸುವುದು ಮುಂತಾದ ಅರ್ಧ ದಿನದ ಕೆಲಸ ಅದು. ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಊರಿನ ಪರಿಚಯವಾಗಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಪ್ರವಾಸಿ ವೀಸಾದಲ್ಲಿ ಬಂದವರೂ ನೋಂದಾಯಿತ ದತ್ತಿ ಸಂಸ್ಥೆಗೆ ಒಟ್ಟು 30 ದಿನ ಮೀರದಂತೆ ಸ್ವಯಂಸೇವೆ ಮಾಡಲು ವೀಸಾ ನಿಯಮಗಳಲ್ಲಿ ಅವಕಾಶವಿದೆ, ನಿವೃತ್ತ ಮೇಷ್ಟರಾದ ತಂದೆಯವರಿಗೆ ಹೇಳಿ ನೋಡಿ.

ನಮ್ಮ ಕರ್ನಾಟಕದಲ್ಲಿ ಇಂಥದ್ದು ಉಂಟೇ?

ಇಡೀ ನಗರ ಒಟ್ಟಾಗಿ ಬಾಗಿಲು ತೆರೆಯುವಷ್ಟು ದೊಡ್ಡ ಪ್ರಮಾಣದ್ದಲ್ಲದಿದ್ದರೂ ಆ ದಿಕ್ಕಿನ ಹೆಜ್ಜೆಗಳಿವೆ. 1956ರಲ್ಲಿ ಪೂರ್ಣಗೊಂಡ ವಿಧಾನಸೌಧವನ್ನು ಹೊರಗೆ ನಿಂತು ಫೋಟೋ ತೆಗೆದುಕೊಂಡವರೇ ಹೆಚ್ಚು. 2025ರ ಜೂನ್ ತಿಂಗಳಿನಿಂದ ಅಲ್ಲಿ ರಜಾದಿನಗಳಲ್ಲಿ ಟಿಕೆಟ್ ಪಡೆದು ಮಾರ್ಗದರ್ಶಕರೊಂದಿಗೆ ಒಳಗೆ ನೋಡುವ ವ್ಯವಸ್ಥೆ ಬಂದಿದೆ. ಪರಂಪರೆಯ ಸಂರಕ್ಷಣೆಗಾಗಿ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆ ಪರಂಪರೆಯ ನಡಿಗೆಗಳನ್ನು ಏರ್ಪಡಿಸುತ್ತದೆ. ಬಸವನಗುಡಿಯ, ಮಲ್ಲೇಶ್ವರದ ಹಳೆಯ ಮನೆಗಳ ಒಡೆಯರು ವರ್ಷಕ್ಕೊಂದು ಭಾನುವಾರ ಜಗಲಿಯವರೆಗಾದರೂ ಜನರನ್ನು ಬರಮಾಡಿಕೊಂಡರೆ ಎಷ್ಟು ಚೆನ್ನ ಎಂದು ಪ್ರತಿ ಸೆಪ್ಟೆಂಬರಿನಲ್ಲೂ ನನಗೆ ಅನಿಸುತ್ತದೆ.

ಹಬ್ಬಕ್ಕೆ ಹೋಗಲಾಗದಿದ್ದರೆ, ಅಥವಾ ಅಪ್ಪ ಅಮ್ಮ ಬೇರೆ ತಿಂಗಳಲ್ಲಿ ಬಂದರೆ?

ವರ್ಷವಿಡೀ ತೆರೆದಿರುವ ಕಟ್ಟಡಗಳೂ ಕಡಿಮೆಯಿಲ್ಲ. ನೀಸ್ಡನ್ನಿನ ಸ್ವಾಮಿನಾರಾಯಣ ಮಂದಿರಕ್ಕೆ ಯಾವ ತಿಂಗಳಲ್ಲಾದರೂ ಹೋಗಬಹುದು. ಬಲ್ಗೇರಿಯಾದ ಸುಣ್ಣಕಲ್ಲು, ಇಟಲಿಯ ಅಮೃತಶಿಲೆಯನ್ನು ಭಾರತಕ್ಕೆ ಕಳುಹಿಸಿ, ಅಲ್ಲಿ ಕೆತ್ತಿಸಿ, 26,300 ತುಂಡುಗಳನ್ನು ಲಂಡನ್ನಿಗೆ ತಂದು ಜೋಡಿಸಿ 1995ರಲ್ಲಿ ಪೂರ್ಣಗೊಳಿಸಿದ ಗುಡಿ ಅದು. ಬೇಲೂರು, ಹಳೇಬೀಡು ನೋಡಿದವರು ಅದರ ಕಂಬಗಳ ಮುಂದೆ ಬೇಗ ಕದಲುವುದಿಲ್ಲ. ಇನ್ನೊಂದು ಸಂಜೆಗೆ ಲ್ಯಾಂಬೆತ್ ಸೇತುವೆಯ ಹತ್ತಿರ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ನಡೆದುಕೊಂಡು ಹೋಗಿ. 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಅಲ್ಲಿ ನದಿಯ ದಂಡೆಯಲ್ಲಿದೆ, ಅದರ ಪಕ್ಕದ ಕಟಕಟೆಗೆ ಒರಗಿ ನಿಂತರೆ ಥೇಮ್ಸಿನ ಆಚೆ ದಡದಲ್ಲಿ ಸಂಸತ್ ಭವನ ಕಾಣುತ್ತದೆ, ದೀಪ ಹೊತ್ತುವ ಹೊತ್ತಿಗೆ ಹೋದರೆ ಇನ್ನೂ ಚೆನ್ನಾಗಿ ಕಾಣುತ್ತದೆ.